ಒಂದು ಮಲಗೋಕೆ, ಒಂದು ಏಳೋಕೆ

ಒಂದಾನೊಂದು ಊರಿನಲ್ಲಿ ಪ್ರತಿ ಮನೆಯ ಗೋಡೆಗೂ ಒಂದು ಗಾಜಿತ್ತು. ಹಗಲೆಲ್ಲ ಅದು ಕಪ್ಪಗೆ ಕೂತಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ತಾನಾಗಿ ಬೆಳಗುತ್ತಿತ್ತು. ಬೆಳಗಿದ ಗಾಜಿನೊಳಗೆ ಗುಡ್ಡದ ಮೇಲಿನ ಮನೆ ಕಾಣುತ್ತಿತ್ತು. ಆ ಮನೆಯಲ್ಲಿ ಒಬ್ಬಳು ಅತ್ತೆ, ಒಬ್ಬ ಮಾವ, ಒಬ್ಬ ಮಗ, ಒಬ್ಬಳು ಸೊಸೆ. ಸೊಸೆ ತುಳಸಿಗೆ ದೀಪವಿಟ್ಟು ಒಳಗೆ ಬರುತ್ತಿದ್ದಳು, ಅತ್ತೆ ಏನಾದರೂ ಅನ್ನುತ್ತಿದ್ದಳು, ಸೊಸೆ ಅಳುತ್ತಿದ್ದಳು. ಅಷ್ಟಕ್ಕೆ ಗಾಜು ಮತ್ತೆ ಕಪ್ಪಾಗುತ್ತಿತ್ತು. ಊರವರು ನಿಟ್ಟುಸಿರು ಬಿಟ್ಟು ಊಟಕ್ಕೆ ತಟ್ಟೆ ಹಾಕಿಕೊಳ್ಳುತ್ತಿದ್ದರು. ಸೊಸೆ ಅಳದ ದಿನ ಆ ಊರಿನಲ್ಲಿ ಯಾರಿಗೂ ಅನ್ನ ಸೇರುತ್ತಿರಲಿಲ್ಲ.

ಗುಡ್ಡದ ಮನೆಯಲ್ಲಿ ಕಾಲ ಕುಂಟಿಕೊಂಡು ನಡೆಯುತ್ತಿತ್ತು. ಹಿಂದೊಮ್ಮೆ ತಾಳಿ ಕಟ್ಟಲು ಕೈ ಎತ್ತಿದ ಮಗ ಹನ್ನೊಂದು ಸಂಜೆ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದ. ಇನ್ನೊಮ್ಮೆ ಅಟ್ಟದ ಮೆಟ್ಟಿಲಿನಿಂದ ಜಾರಿದ ಮಾವ ಸೋಮವಾರ ಬೀಳಲು ಶುರು ಮಾಡಿ ಗುರುವಾರ ನೆಲ ಮುಟ್ಟಿದರು. ಅಷ್ಟರೊಳಗೆ ಊರಿನಲ್ಲಿ ಎರಡು ಹೆರಿಗೆಯಾಗಿ, ಒಂದು ನಿಶ್ಚಿತಾರ್ಥ ಮುರಿದು, ಮುರಿದದ್ದು ಕೂಡಿಕೊಂಡೂ ಆಗಿತ್ತು. ಮಾವನಿಗೆ ಪೆಟ್ಟಾಗದಿರಲಿ ಎಂದು ಜನ ಹರಕೆ ಹೊತ್ತರೇ ಹೊರತು, ಇಷ್ಟು ಹೊತ್ತು ಯಾರು ಬೀಳುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ.

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಗಾಜಿಗೆ ಬಿದ್ದದ್ದು ಗಾಜಿನದು. ಸೀರೆಯಾಗಲಿ ಸೊಲ್ಲಾಗಲಿ, ಒಮ್ಮೆ ಗಾಜಿನಲ್ಲಿ ಕಂಡಿತೆಂದರೆ ತಂದವರದ್ದಲ್ಲ. ತಂದವರು ಹೊರಟು ಹೋದರೂ ಅದು ಅಲ್ಲೇ ಉಳಿಯಬೇಕು. ಯಾರಾದರೂ ಗುಡ್ಡ ಇಳಿದರೆ ಮಾರನೆಯ ಸಂಜೆ ಬೇರೊಬ್ಬರು ಅದೇ ಬಟ್ಟೆಯುಟ್ಟು ಅದೇ ಜಾಗದಲ್ಲಿ ನಿಲ್ಲುತ್ತಿದ್ದರು. ಮುಖ ಬೇರೆಯಾಯಿತೆಂದು ಊರಿನಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ಮಾವನ ಮುಖ ಮೂರು ಸಲ ಬದಲಾಗಿತ್ತು. ಮೊದಲ ಸಲ, "ಮಾವ ಯಾಕೋ ಇಳಿದು ಹೋಗಿದಾರೆ" ಅಂದರು. ಎರಡನೆಯ ಸಲ, "ಪರವಾಗಿಲ್ಲ, ಸುಧಾರಿಸ್ಕೊಂಡ್ರು" ಅಂದರು. ಮೂರನೆಯ ಸಲ ಅಷ್ಟನ್ನೂ ಅನ್ನಲಿಲ್ಲ.

ಹೊಳೆದಂಡೆಯ ಕೇರಿಯಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೆ ಎರಡು ವರ್ಷದ ಮಗಳು, ವಯಸ್ಸಾದ ತಾಯಿ. ಮಗುವಿನ ಅಪ್ಪ ಹೊಳೆಯಾಚೆಗೆ ಹೋದವನು ಆಚೆಯಲ್ಲೇ ಉಳಿದಿದ್ದ. ಅವಳಿಗೆ ಒಂದು ವಿದ್ಯೆ ಒಲಿದಿತ್ತು. ಕಣ್ಣಂಚಿಗೆ ಬಂದ ನೀರನ್ನು ಬೀಳಿಸದೆ, ಇಂಗಿಸದೆ, ಎಷ್ಟು ಹೊತ್ತು ಬೇಕಾದರೂ ಅಲ್ಲೇ ನಿಲ್ಲಿಸಿಕೊಳ್ಳುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಮಗುವಿನ ಮುಂದೆ ಅಳಬಾರದೆಂದು ರೂಢಿಸಿಕೊಂಡದ್ದು ಅದು. ಗುಡ್ಡದ ಮನೆಯವರ ಕಿವಿಗೆ ಈ ಸುದ್ದಿ ಬಿತ್ತು. ನಿಧಾನವಾಗಿ ಅಳಬಲ್ಲವರೇ ಅವರಿಗೆ ಬೇಕಾಗಿತ್ತು. ಬಾ ಎಂದು ಹೇಳಿ ಕಳಿಸಿದರು.

ಅವಳು ಪ್ರತಿದಿನ ಮಗುವನ್ನು ಮಲಗಿಸುವಾಗ ಕಿವಿಯ ಹಾಲೆಯನ್ನು ಎರಡು ಸಲ ಮೆಲ್ಲಗೆ ಹಿಂಡುತ್ತಿದ್ದಳು. "ಒಂದು ಮಲಗೋಕೆ, ಒಂದು ಏಳೋಕೆ" ಅನ್ನುತ್ತಿದ್ದಳು. ಒಂದೇ ಸಲ ಹಿಂಡಿ ಬಿಟ್ಟರೆ ಮಗು ಕಣ್ಣು ಬಿಟ್ಟುಕೊಂಡು ಕಾಯುತ್ತಿತ್ತು. ಏಳುವುದಕ್ಕೆ ಅಪ್ಪಣೆ ಸಿಗದೆ ಮಲಗುವುದಾದರೂ ಹೇಗೆ?

ಹೊರಡುವ ದಿನ ತಾಯಿ ಬಾಗಿಲವರೆಗೆ ಬಂದಳು.

"ಹೋಗ್ಬೇಡ ಅನ್ನಕ್ಕೆ ನಾನ್ಯಾರು? ನಾನೂ ದಿನಾ ಗಾಜಿನ ಮುಂದೆ ಕೂರೋಳೇ. ಆದ್ರೆ ಮಗೂಗೆ ಕಿವಿ ಚುಚ್ಚೋ ಹೊತ್ಗೆ ಮಾತ್ರ ಬಂದುಬಿಡು."

ಬೇರೆ ಊರುಗಳಲ್ಲಿ ಕಿವಿ ಚುಚ್ಚುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ಈ ಊರಿನಲ್ಲಿ ಹೆತ್ತ ತಾಯಿಯೇ ಕೂರಿಸಿಕೊಳ್ಳಬೇಕು. ಮಗು ತಾಯಿಯ ಕೈಯಲ್ಲಿ ಪಡುವ ಕಡೆಯ ನೋವು ಅದು, ಅಲ್ಲಿಂದ ಮುಂದಿನದೆಲ್ಲ ಅದರದ್ದೇ ಎಂಬುದು ಇಲ್ಲಿಯವರ ನಂಬಿಕೆ.

"ಬರ್ತೀನವ್ವ. ಐದು ತುಂಬಿದಾಗ ಚುಚ್ಚಿಸೋಣ. ನಾನೇ ಹಿಡ್ಕೋತೀನಿ" ಎಂದು ಅವಳು ಮಾತು ಕೊಟ್ಟಳು.

ಗುಡ್ಡದ ಮನೆಯ ಹೆಬ್ಬಾಗಿಲಿನಲ್ಲಿ ಒಬ್ಬ ಮುದುಕ ಕಾವಲಿದ್ದ. ಅವನ ಹಿಂದಿನ ಗೋಡೆಯ ತುಂಬ ಸಣ್ಣ ಸಣ್ಣ ಗೂಡುಗಳು. "ಹೆಸರು ಬರೆದು ಇಲ್ಲಿಟ್ಟು ಹೋಗಮ್ಮ. ಒಳಗೆ ಅದಕ್ಕೇನೂ ಕೆಲಸ ಇಲ್ಲ. ಹೋಗೋವಾಗ ಇಸ್ಕೊಂಡು ಹೋಗು" ಅಂದ. ಅವಳು ಚೀಟಿ ಬರೆದು ಗೂಡಿನಲ್ಲಿಟ್ಟಳು. ಅದೇ ಹೊತ್ತಿಗೆ ಮುಖ ತೊಳೆದುಕೊಂಡಿದ್ದ ಒಬ್ಬ ಹೆಂಗಸು ಒಳಗಿನಿಂದ ಬಂದು ಇನ್ನೊಂದು ಗೂಡಿನಿಂದ ತನ್ನ ಚೀಟಿ ತೆಗೆದುಕೊಂಡಳು. ಹೊಸಬಳನ್ನು ಒಂದು ಗಳಿಗೆ ನೋಡಿ, "ತುಳಸಿಗೆ ನೀರು ಹಾಕಿದೀನಿ" ಎಂದಷ್ಟೇ ಹೇಳಿ ಗುಡ್ಡ ಇಳಿದಳು.

ಒಳಗೆ ಅವಳಿಗೆ ಹಸಿರು ಸೀರೆ ಉಡಿಸಿದರು, ಮುಖಕ್ಕೆ ಬಣ್ಣ ಹಚ್ಚಿದರು, ಕಾಸಗಲದ ಕುಂಕುಮ ಇಟ್ಟರು. ಆ ಮನೆಯ ಅಟ್ಟದ ಮೇಲೆ ಬರೆಯುವವರು ಒಬ್ಬರು ಇದ್ದರು. ಅವರನ್ನು ಕಂಡವರಿಲ್ಲ. ದಿನ ಬೆಳಗಾದರೆ ಅಟ್ಟದಿಂದ ಹಗ್ಗಕ್ಕೆ ಕಟ್ಟಿದ ಒಂದು ಬುಟ್ಟಿ ಇಳಿಯುತ್ತಿತ್ತು. ಆ ಸಂಜೆ ಯಾರು ಏನು ಆಡಬೇಕು, ಯಾರು ಎಷ್ಟು ಅಳಬೇಕು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ನಾಳೆಯದು ನಾಳೆಯ ಬುಟ್ಟಿಯಲ್ಲಿ. ಮೊದಲ ದಿನ ಅವಳಿಗೆ ಬಂದ ಕಾಗದದಲ್ಲಿ ಹೀಗಿತ್ತು: ಸೊಸೆ ಬೇಸರವಾದಾಗ ಕೆಳತುಟಿಯ ಎಡಮೂಲೆ ಕಚ್ಚುತ್ತಾಳೆ. ಇದು ಸೊಸೆಯದು. ಅವಳು ಒಂದು ಮಧ್ಯಾಹ್ನದಲ್ಲಿ ಅದನ್ನು ಕಲಿತಳು. ಅದು ಯಾರ ತುಟಿ ಎಂದು ಕೇಳಬೇಕೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಆ ಸಂಜೆ ಅವಳು ತುಳಸಿಗೆ ದೀಪವಿಟ್ಟಳು, ಅತ್ತೆ ಅಂದಳು, ಅವಳ ಕಣ್ಣಂಚಿಗೆ ನೀರು ಬಂದು ನಿಂತಿತು. ಊರಿಗೆ ಊರೇ ಆ ಹನಿ ಯಾವಾಗ ಬೀಳುತ್ತದೆಂದು ಉಸಿರು ಹಿಡಿದು ಕೂತಿತು. ಅದು ಮೂರನೆಯ ಸಂಜೆ ಬಿತ್ತು. ಅಂಥ ಅಳುವನ್ನು ಆ ಊರು ಕಂಡಿರಲಿಲ್ಲ. ಅವಳ ಹೆಸರಿನಲ್ಲಿ, ಅಂದರೆ ಸೊಸೆಯ ಹೆಸರಿನಲ್ಲಿ, ಜನ ಅರ್ಚನೆ ಮಾಡಿಸಿದರು. ಅವಳಿಗೆ ಖುಷಿಯಾಗಲಿಲ್ಲವೆಂದರೆ ಸುಳ್ಳು ಹೇಳಿದಂತಾಗುತ್ತದೆ. ಒಬ್ಬನಿಗೆ ಬೇಡವಾಗಿದ್ದವಳು ಇಡೀ ಊರಿಗೆ ಬೇಕಾಗಿದ್ದಳು.

ಅತ್ತೆಯಾಗಿ ನಿಲ್ಲುತ್ತಿದ್ದವಳು ನಿಜಕ್ಕೂ ಬಲು ಮೆತ್ತನೆಯ ಹೆಂಗಸು. ಹಗಲು ಹೊತ್ತು ಸಂತೆಗೆ ಇಳಿಯುವ ಅಪ್ಪಣೆ ಆ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು. ಸೊಸೆಯನ್ನು ಅಷ್ಟು ಅಳಿಸಿದ್ದಕ್ಕೆ ಸಂತೆಯಲ್ಲಿ ಅವಳಿಗೆ ಯಾರೂ ಒಳ್ಳೆಯ ಬದನೆಕಾಯಿ ಕೊಡುತ್ತಿರಲಿಲ್ಲ, ಹುಳುಕನ್ನೇ ಆರಿಸಿ ಹಾಕುತ್ತಿದ್ದರು. ಒಂದು ದಿನ ಬಣ್ಣ ಹಚ್ಚಿಸಿಕೊಳ್ಳುತ್ತ ಅವಳು ಹೊಸಬಳಿಗೆ ಹೇಳಿದಳು.

"ನೋಡೇ, ಅವರು ಕೊಟ್ಟದ್ದನ್ನ ಆಡು. ನಿನ್ನದು ಅನ್ನೋದನ್ನ ಒಂದನ್ನೂ ಗಾಜಿಗೆ ಹಾಕ್ಬೇಡ. ನಾನು ಒಂದಿನ ಮರೆತು ನನ್ನ ನಗು ಹಾಕಿಬಿಟ್ಟೆ. ನನ್ನ ತಮ್ಮನ ಮದುವೇಲಿ ಹಂಗೇ ನಕ್ಕೆ ನೋಡು, ಮಕ್ಕಳೆಲ್ಲ ಹೆದರಿ ಅಳೋಕೆ ಶುರು ಮಾಡಿದ್ವು. ಈಗ ನಗು ಬಂದ್ರೆ ಸೆರಗು ಬಾಯಿಗಿಟ್ಕೋತೀನಿ."

"ಇಲ್ಲ ಅತ್ತೆ, ನನ್ನ ಹತ್ರ ಹಾಕೋಕೆ ಏನಿದೆ?" ಎಂದು ಅವಳು ನಕ್ಕಳು.

ಅಮಾವಾಸ್ಯೆಯ ಸಂಜೆ ಮಾತ್ರ ಗಾಜು ಬೆಳಗುತ್ತಿರಲಿಲ್ಲ. ಅವತ್ತು ಮನೆಗೆ ಹೋಗಿ ಬರಬಹುದಿತ್ತು. ಮೊದಲ ಅಮಾವಾಸ್ಯೆಗೆ ಅವಳು ಮುಖ ತೊಳೆದುಕೊಂಡು, ತನ್ನ ಹಳೆಯ ಸೀರೆಯುಟ್ಟು ಓಡೋಡಿ ಬಂದಳು. ಮಗು ಅಜ್ಜಿಯ ಹಿಂದೆ ಅವಿತುಕೊಂಡಿತು. ಕಪ್ಪು ಗಾಜಿನ ಕಡೆ ಬೆರಳು ಮಾಡಿ, "ಅಮ್ಮ ಅಲ್ಲಿ" ಅಂದಿತು. ಅವಳು ಇದ್ದಲ್ಲೇ ಕೂತಳು. ಮಲಗುವಾಗ ಮೆಲ್ಲಗೆ ಪಕ್ಕಕ್ಕೆ ಹೋಗಿ ಕಿವಿಯನ್ನು ಒಂದು ಸಲ ಹಿಂಡಿದಳು. ಮಗು ಕಣ್ಣು ಬಿಟ್ಟು ಕಾಯಿತು. ಎರಡನೆಯ ಸಲ ಹಿಂಡಿದಾಗ ಅವಳ ಮಡಿಲಿಗೆ ಸರಿದು ನಿದ್ದೆ ಹೋಯಿತು. ಮುಖವನ್ನು ಮರೆತ ಮಗು ಬೆರಳನ್ನು ಮರೆತಿರಲಿಲ್ಲ.

ಗುಡ್ಡ ಹತ್ತುತ್ತ ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು. ತಿಂಗಳಿಗೊಂದು ದಿನ ಕಿವಿ ಹಿಂಡಿದರೆ ಸಾಲದು. ಮಗು ದಿನಾ ಸಂಜೆ ಗಾಜಿನ ಮುಂದೆ ಕೂರುತ್ತದಲ್ಲ, ದಿನಾ ಸಂಜೆ ಕಾಣುವ ಹಾಗೆ ಏನಾದರೂ ಮಾಡಬೇಕು. ಅತ್ತೆ ಹೇಳಿದ ಬುದ್ಧಿಮಾತು ನೆನಪಿಗೆ ಬಂತು. ಆದರೆ ಇದು ನಗುವಲ್ಲ, ಮಾತಲ್ಲ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಳು. ಮಾರನೆಯ ಸಂಜೆ ಅತ್ತು ಮುಗಿಸಿ, ಗಾಜು ಕಪ್ಪಾಗುವ ಮೊದಲು, ತನ್ನದೇ ಕಿವಿಯ ಹಾಲೆಯನ್ನು ಎರಡು ಸಲ ಮುಟ್ಟಿಕೊಂಡಳು.

ಮುಂದಿನ ಅಮಾವಾಸ್ಯೆಗೆ ಬಂದಾಗ ತಾಯಿ ಬಾಗಿಲಲ್ಲೇ ಹಿಡಿದು ಹೇಳಿದಳು. "ಏನು ಮಾಡಿದೆಯೇ ಅದು? ಕೂಸು ಗಾಜು ನೋಡಿ ಕಿವಿ ಮುಟ್ಕೋತದೆ, ಮಲಗಿಬಿಡ್ತದೆ. ನನಗೀಗ ಜೋಗುಳದ ಕೆಲಸವೇ ಇಲ್ಲ."

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಾಯಿಯ ಮುಖ ಮಾತ್ರ ಅರಳಲಿಲ್ಲ. "ಮನೇದನ್ನ ಅಲ್ಲಿಗೆ ಹಾಕಿದೀಯ. ನಂಗ್ಯಾಕೋ ಸರಿ ಕಾಣ್ಲಿಲ್ಲ" ಅಂದಳು.

ಆ ಸಲ ಅವಳು ಬಣ್ಣ ತೊಳೆಯದೆ, ಹಸಿರು ಸೀರೆಯಲ್ಲೇ ಬಂದಿದ್ದಳು. ಮಗು ಹೆದರಬಾರದಲ್ಲ. ಮಗು ಹೆದರಲಿಲ್ಲ, ಕುಣಿಯುತ್ತ ಬಂತು. ಬಂದು ನಾಲ್ಕು ಮಾರು ದೂರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಅವಳನ್ನೇ ನೋಡತೊಡಗಿತು. ಬಾ ಎಂದರೆ ಬರಲಿಲ್ಲ. ಬಹಳ ಹೊತ್ತು ನೋಡಿ ಕೇಳಿತು, "ಇವತ್ತು ಅತ್ತೆ ಯಾಕೆ ಬಯ್ತಿಲ್ಲ?"

ಹೀಗೆ ಮೂರು ವರ್ಷ ನಡೆಯಿತು. ಆಮೇಲೆ ಬಾಗಿಲ ಮುದುಕ ತಡೆದ. ಬಣ್ಣವೂ ಸೀರೆಯೂ ಗಾಜಿನವು, ಹೊರಗೆ ಹೋಗಕೂಡದು ಅಂದ. ಆಮೇಲೆ ಊರವರು ಕೂಡಿ, ತಿಂಗಳಿಗೆ ಒಂದು ಸಂಜೆ ಸೊಸೆಯನ್ನು ನೋಡದೆ ಇರಲಾರೆವು, ಅಮಾವಾಸ್ಯೆಯಂದೂ ಗಾಜು ಬೆಳಗಲಿ ಎಂದು ಬೇಡಿಕೊಂಡರು. ಅಭಿಮಾನ ಎಂದರೆ ಹಾಗೇ, ಅಪ್ಪಿಕೊಂಡರೆ ಉಸಿರಾಡಲು ಬಿಡುವುದಿಲ್ಲ. ಅಲ್ಲಿಂದ ಅವಳು ಗುಡ್ಡ ಇಳಿಯಲಿಲ್ಲ.

ಕಿವಿ ಮುಟ್ಟಿಕೊಳ್ಳುವುದು ಮಾತ್ರ ದಿನಾ ನಡೆದಿತ್ತು. ಊರಿನ ಕಣ್ಣು ಸಾಮಾನ್ಯವೇ? ಮೊದಲು ಹುಡುಗಿಯರು ಕಲಿತರು, ಆಮೇಲೆ ಹೆಂಗಸರು. ಜನ ಬೀಳ್ಕೊಡುವಾಗ ಕೈ ಮುಗಿಯುವ ಬದಲು ಎರಡು ಸಲ ಕಿವಿ ಮುಟ್ಟಿಕೊಳ್ಳತೊಡಗಿದರು. ಅಕ್ಕಸಾಲಿಗರು ಸೊಸೆ ಓಲೆ ಎಂಬ ಹೊಸ ನಮೂನೆ ಮಾಡಿದರು. ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ಬಂದ ಕಾಗದದಲ್ಲಿ ಹೀಗೆ ಬರೆದಿತ್ತು: ಅತ್ತಾದ ಮೇಲೆ ಸೊಸೆ ಎರಡು ಸಲ ಕಿವಿ ಮುಟ್ಟಿಕೊಳ್ಳುತ್ತಾಳೆ. ಇದು ಸೊಸೆಯದು. ಆ ಸಂಜೆ ಕಿವಿಗೆ ಕೈ ಒಯ್ದಾಗ ಅವಳಿಗೆ ಅದು ಬೇರೆ ಯಾರದೋ ಕೈ ಅನ್ನಿಸಿತು. ಹೇಗೋ ಮಗುವಿಗೆ ತಲುಪಿದರೆ ಸಾಕು ಎಂದು ಸಮಾಧಾನ ಮಾಡಿಕೊಂಡಳು.

ಮಗುವಿಗೆ ಐದು ತುಂಬಿತು. ಆ ವಾರ ಗುಡ್ಡದ ಮನೆಯಲ್ಲಿ ಯಾರೋ ಸೊಸೆಯ ಹಾಲಿಗೆ ವಿಷ ಬೆರೆಸಿದ್ದರು. ಲೋಟ ಅವಳ ತುಟಿ ಮುಟ್ಟಲು ಇನ್ನೂ ಒಂಬತ್ತು ಸಂಜೆ ಬೇಕಿತ್ತು. ನಡುವೆ ಬಿಟ್ಟು ಹೋಗುವ ಹಾಗಿರಲಿಲ್ಲ. ಕಿವಿ ಚುಚ್ಚುವುದು ಮುಂದಕ್ಕೆ ಹೋಯಿತು. ಆರು ಸರಿಸಂಖ್ಯೆ, ಆಗದು. ಏಳು ಬಂತು. ಸಂತೆಗೆ ಹೋಗಿದ್ದ ಅತ್ತೆಯ ಕೈಯಲ್ಲಿ ತಾಯಿ ಹೇಳಿ ಕಳಿಸಿದಳು: "ಏಳು ದಾಟಿದ್ರೆ ಹಾಲೆ ಗಟ್ಟಿಯಾಗುತ್ತೆ. ಬರೋ ಶುಕ್ರವಾರ ಗೋಧೂಳಿಗೆ ಇಟ್ಟಿದೀನಿ. ಮಗು ಕೇಳ್ತಾ ಇದೆ, ಅಮ್ಮ ಬಂದು ಹಿಡ್ಕೋತಾಳಾ ಅಂತ. ಏನು ಹೇಳ್ಲಿ?"

ಅವಳು ಒಂದು ಚೀಟಿ ಬರೆದು ಖಾಲಿ ಬುಟ್ಟಿಯಲ್ಲಿಟ್ಟು ಹಗ್ಗ ಜಗ್ಗಿದಳು. ಶುಕ್ರವಾರದ ಸಂಜೆಯೊಂದನ್ನು ಬಿಟ್ಟುಕೊಡಬೇಕು, ಮಗಳ ಕಿವಿ ಚುಚ್ಚುವುದಿದೆ ಎಂದು ಬರೆದಿದ್ದಳು. ಬುಟ್ಟಿ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಕೆಳಗೆ ಬಂತು. ಅದೇ ಚೀಟಿಯ ಹಿಂದೆ ಅಂದವಾದ ಅಕ್ಷರದಲ್ಲಿ ಉತ್ತರವಿತ್ತು: ಸೊಸೆಗೆ ಮಕ್ಕಳಿಲ್ಲ. ಅದಕ್ಕೇ ಊರು ಅಳುತ್ತಿರುವುದು.

ಅವಳು ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದಿದರೆ ಎಲ್ಲಿ ನಂಬಿಬಿಡುತ್ತೇನೋ ಎಂದು ಹೆದರಿ ಮಡಿಸಿಟ್ಟಳು.

ಶುಕ್ರವಾರ ಹೊತ್ತು ಇಳಿಯುತ್ತಿದ್ದಂತೆ ಅವಳು ಹಸಿರು ಸೀರೆ ಬಿಚ್ಚಿ ಮಡಿಸಿದಳು. ಕಲ್ಲಿನ ತೊಟ್ಟಿಯ ನೀರಿನಲ್ಲಿ ಮುಖ ತೊಳೆದಳು. ಅತ್ತೆ ಬಂದು ಹಿಂದೆ ನಿಂತಿದ್ದಳು.

"ಹೋದ್ರೆ ಮತ್ತೆ ಒಳಗೆ ಬಿಡಲ್ಲ. ಗೊತ್ತಲ್ಲ?"

"ಗೊತ್ತು ಅತ್ತೆ."

"ಅತ್ತೆ ಅನ್ಬೇಡ ಇನ್ನ. ನನಗೂ ಒಂದು ಹೆಸರಿತ್ತು, ನಿಂಗೆ ಹೇಳೋಣ ಅಂದ್ರೆ ನೆನಪಾಗ್ತಿಲ್ಲ." ನಗು ಬಂತೋ ಅಳು ಬಂತೋ, ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೆಬ್ಬಾಗಿಲಿನಲ್ಲಿ ಮುದುಕ ಚೀಟಿ ತೆಗೆದು ಕೊಟ್ಟ. ಗೂಡುಗಳ ಮುಂದೆ ಒಬ್ಬಳು ಹುಡುಗಿ ತನ್ನ ಹೆಸರು ಬರೆಯುತ್ತ ನಿಂತಿದ್ದಳು. ಚೆಂದದ ಹುಡುಗಿ.

"ಅಕ್ಕ, ಏನಾದ್ರೂ ಕಲ್ತುಕೊಳ್ಳೋದು ಇರುತ್ತಾ ಒಳಗೆ?"

"ತುಟಿ ಕಚ್ಚೋದು ಇದೆ. ಕಿವಿ ಮುಟ್ಟೋದು."

"ಅದು ಯಾರಿಗೆ ಬರಲ್ಲ?" ಹುಡುಗಿ ನಕ್ಕು ತನ್ನ ಕಿವಿಯನ್ನು ಎರಡು ಸಲ ಮುಟ್ಟಿ ತೋರಿಸಿದಳು. ಒಂದಿಷ್ಟೂ ತಪ್ಪಿರಲಿಲ್ಲ.

"ಇವತ್ತೊಂದು ಸಂಜೆ ಅದನ್ನ ಮಾಡ್ಬೇಡ ಕಣಮ್ಮ. ನಾಳೆಯಿಂದ ಮಾಡು."

"ಬುಟ್ಟೀಲಿ ಬರೆದಿದ್ರೆ ಏನಕ್ಕ ಮಾಡ್ಲಿ?"

ಐದು ವರ್ಷದ ಹಿಂದೆ ಇದೇ ಬಾಗಿಲಲ್ಲಿ ಎದುರಾಗಿದ್ದ ಹೆಂಗಸು ಈಗ ಕಣ್ಣ ಮುಂದೆ ಬಂದಳು. ಆ ಕೆಳತುಟಿಯ ಎಡಮೂಲೆ ಅವಳದ್ದೇ. ಗಾಜಿನ ಆಚೆ ಯಾರಿಗೋ ತಿಳಿಯಲೆಂದು ಅವಳೂ ಕಚ್ಚಿಕೊಂಡಿರಬೇಕು. ಆ ಯಾರೋ ಈ ಐದು ವರ್ಷವೂ ನನ್ನ ತುಟಿಯನ್ನು ನೋಡುತ್ತ ಕೂತಿರಬೇಕು. ಅವಳಿಗೆ ತಡೆಯಲಾರದಷ್ಟು ನಾಚಿಕೆಯಾಯಿತು. ಹುಡುಗಿಗೆ "ತುಳಸಿಗೆ ನೀರು ಹಾಕಿದೀನಿ" ಎಂದು ಹೇಳಿ ಗುಡ್ಡ ಇಳಿದಳು.

ದಾರಿಯಲ್ಲಿ ಯಾರೂ ಅವಳನ್ನು ಗುರುತಿಸಲಿಲ್ಲ. ಐದು ವರ್ಷ ಅವಳಿಗಾಗಿ ಹರಕೆ ಹೊತ್ತವರು ಅವಳ ಭುಜಕ್ಕೆ ಭುಜ ತಾಗಿಸಿಕೊಂಡು ಮುಂದೆ ಹೋದರು. ಹುಲ್ಲಿನ ಹೊರೆ ಹೊತ್ತ ಒಬ್ಬಳು, "ಬೇಗ ನಡೀರಿ, ಸೊಸೆ ಬರೋ ಹೊತ್ತಾಯ್ತು. ನಿನ್ನೆ ಪಾಪ ಅವಳನ್ನ ಬಂಜೆ ಅಂದುಬಿಟ್ರು" ಎಂದು ಕಣ್ಣೊರೆಸಿಕೊಂಡಳು. ಅವಳು ಹೂಂ ಅಂದಳು. ಮಗು ಗುರುತಿಸದಿದ್ದರೆ ಎಂಬ ಭಯ ಅವಳಿಗೆ ಇಲ್ಲದಿರಲಿಲ್ಲ. ಆದರೆ ಬೆರಳುಗಳಿದ್ದವಲ್ಲ. ಎರಡು ಸಲ ಕಿವಿ ಹಿಂಡಿದರೆ ಸಾಕು, ಮಗು ಮಡಿಲಿಗೆ ಬರುತ್ತದೆ. ಆ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಡೆದಳು.

ಮನೆಯ ಬಾಗಿಲಿಗೆ ತೋರಣ ಕಟ್ಟಿತ್ತು. ಒಳಗೆ ಅಕ್ಕಸಾಲಿ ಚಾಪೆಯ ಮೇಲೆ ಕೂತು ಚಿನ್ನದ ತಂತಿಯ ತುದಿಯನ್ನು ಮಸೆಯುತ್ತಿದ್ದ. ನಾಲ್ಕಾರು ನೆರೆಮನೆಯವರು ಬಂದಿದ್ದರು. ಮಗು ಜರಿಯ ಲಂಗ ಹಾಕಿಕೊಂಡು ಗಾಜಿಗೆ ಎದುರಾಗಿ ಕೂತಿತ್ತು, ಎರಡು ಕಿವಿಗೂ ಕುಂಕುಮದ ಚುಕ್ಕೆ ಇಟ್ಟಿದ್ದರು. ಮಗು ಎಂದೆ, ಈಗ ಅದು ಏಳು ವರ್ಷದ ಉದ್ದ ಜಡೆಯ ಹುಡುಗಿ.

"ಸಾವಂತ್ರೀ" ಎಂದಳು ತಾಯಿ. ಎಷ್ಟೋ ಕಾಲದ ಮೇಲೆ ಅವಳ ಹೆಸರು ಅವಳ ಕಿವಿಗೆ ಬಿತ್ತು. ತಾಯಿ ಹುಡುಗಿಯ ಭುಜ ಹಿಡಿದು ತಿರುಗಿಸಿದಳು. "ನೋಡೇ, ಯಾರು ಬಂದಿದಾರೆ. ನಿಮ್ಮಮ್ಮ."

ಹುಡುಗಿ ನೋಡಿದಳು. ಚೆನ್ನಾಗಿಯೇ ನೋಡಿದಳು, ಅಸಡ್ಡೆ ಮಾಡಲಿಲ್ಲ. ಆಮೇಲೆ ಅಜ್ಜಿಯ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. "ತಮಾಷೆ ಮಾಡ್ಬೇಡ ಅಜ್ಜಿ. ಅಮ್ಮಂಗೆ ದೊಡ್ಡ ಕುಂಕುಮ ಇದೆ."

ಅವಳು ಮಂಡಿಯೂರಿ ಕೂತಳು. ಹುಡುಗಿಯ ಕಿವಿಯನ್ನು ಹಿಂಡಲು ಹೋದರೆ ಕುಂಕುಮ ಅಳಿಸಿ ಚುಚ್ಚುವ ಜಾಗ ತಪ್ಪುತ್ತದೆ. ಅದಕ್ಕೇ ತನ್ನ ಕಿವಿಯ ಹಾಲೆಯನ್ನೇ ಹಿಡಿದು ಒಂದು ಸಲ, ಇನ್ನೊಂದು ಸಲ ಮುಟ್ಟಿಕೊಂಡಳು. "ಒಂದು ಮಲಗೋಕೆ, ಒಂದು ಏಳೋಕೆ" ಅಂದಳು.

ಹುಡುಗಿ ನಕ್ಕಳು. ಅವಳ ಹಲ್ಲಿನ ಸಾಲಿನಲ್ಲಿ ಮುಂದಿನ ಒಂದು ಬಿದ್ದಿತ್ತು.

"ಎಲ್ಲಾರೂ ಹಂಗೇ ಮಾಡ್ತಾರೆ. ನಮ್ಮಮ್ಮನ್ನ ನೋಡಿ ಕಲ್ತಿರೋದು" ಅಂದಳು ಹೆಮ್ಮೆಯಿಂದ. "ನಿಮಗೆ ಚೆನ್ನಾಗೇ ಬರುತ್ತೆ. ಆದ್ರೆ ಅಮ್ಮ ಮಾತಾಡಲ್ಲ, ಸುಮ್ನೆ ಮುಟ್ಕೋತಾಳೆ."

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗಾಜು ಬೆಳಗಿತು. ಹುಡುಗಿ ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು.

ಗಾಜಿನೊಳಗೆ ಹಸಿರು ಸೀರೆಯುಟ್ಟ ಸೊಸೆ ತುಳಸಿಗೆ ದೀಪವಿಟ್ಟಳು. ಅದು ಹೆಬ್ಬಾಗಿಲಿನಲ್ಲಿ ಕಂಡ ಹುಡುಗಿಯ ಮುಖ. ಕೋಣೆಯಲ್ಲಿ ಕೂತಿದ್ದ ಒಬ್ಬೊಬ್ಬರೂ ಅದನ್ನು ಕಂಡರು, ಕಂಡು ನೆಲ ನೋಡಿದರು. ಅಕ್ಕಸಾಲಿ ಗಂಟಲು ಸರಿಮಾಡಿಕೊಂಡು, "ಸೊಸೆ ಇವತ್ತು ಸ್ವಲ್ಪ ಕಳೆಕಳೆಯಾಗಿದಾಳೆ" ಅಂದ. ಯಾರೋ, "ಹೌದು, ನಿದ್ದೆ ಆಗಿರ್ಬೇಕು" ಅಂದರು. ಅಜ್ಜಿ ತನ್ನ ಮಗಳ ಕೈಯನ್ನು ಸೆರಗಿನ ಮರೆಯಲ್ಲಿ ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಳು. ಅವಳೂ ಆ ಊರಿನವಳೇ. ಬಾಯಿ ಬಿಡಲಿಲ್ಲ.

ಹುಡುಗಿಯ ಹುಬ್ಬು ಮಾತ್ರ ಸಣ್ಣಗೆ ಗಂಟಾಯಿತು. ಅವಳು ಗಾಜನ್ನೇ ದಿಟ್ಟಿಸಿದಳು. ಹಿಂದೆ ಮಂಡಿಯೂರಿದ್ದವಳು ಮುಂದಕ್ಕೆ ಬಾಗಿದಳು. ಅತ್ತೆ ಅಂದಳು, ಸೊಸೆ ಕೆಳತುಟಿಯ ಎಡಮೂಲೆ ಕಚ್ಚಿದಳು, ಅತ್ತಳು. ಗಾಜು ಕಪ್ಪಾಗುವ ಮೊದಲು ಕೈ ಎತ್ತಿ ಕಿವಿಯನ್ನು ಒಂದು ಸಲ ಮುಟ್ಟಿದಳು. ಆಮೇಲೆ ಇನ್ನೊಂದು ಸಲ. ಹುಡುಗಿಯ ಹುಬ್ಬು ಸಡಿಲವಾಯಿತು. ಅವಳ ಮುಖವೆಲ್ಲ ಅರಳಿತು.

"ಅಮ್ಮ ಬಂದ್ಲು. ಈಗ ಚುಚ್ಚಿ" ಅಂದಳು ಅಕ್ಕಸಾಲಿಗೆ.

"ಯಾರಾದರೂ ಗಟ್ಟಿಯಾಗಿ ಹಿಡ್ಕೋಬೇಕಲ್ಲ" ಎಂದ ಅವನು, ಯಾರ ಮುಖವನ್ನೂ ನೋಡದೆ.

"ಈ ಅತ್ತೆ ಹಿಡ್ಕೊಳ್ಳಲಿ. ಸುಮ್ನೆ ಕೂತಿದಾರಲ್ಲ" ಎಂದು ಹುಡುಗಿ ತಾನಾಗಿ ಬಂದು ಅವಳ ತೊಡೆಯ ಮೇಲೆ ಕೂತಳು.

ಅವಳು ಹಿಡಿದುಕೊಂಡಳು. ಎಡಗೈಯಲ್ಲಿ ತಲೆಯನ್ನು ಎದೆಗೆ ಒತ್ತಿಕೊಂಡಳು, ಬಲಗೈಯಲ್ಲಿ ಎರಡು ಪುಟ್ಟ ಮುಂಗೈಗಳನ್ನು. ಕೂದಲಿನಲ್ಲಿ ಹರಳೆಣ್ಣೆಯ ವಾಸನೆಯಿತ್ತು. ತಂತಿ ಹಾಲೆಯನ್ನು ಹಾಯುವಾಗ ಹುಡುಗಿಯ ಮೈ ಒಮ್ಮೆ ಸೆಟೆದುಕೊಂಡಿತು, ಬಾಯಿಂದ ಸದ್ದು ಬರಲಿಲ್ಲ. ಇನ್ನೊಂದು ಕಿವಿಗೂ ಆಯಿತು. ಎಲ್ಲರೂ ಭೇಷ್ ಅಂದರು. ಅಜ್ಜಿ ಬಾಯಿಗೆ ಬೆಲ್ಲ ಹಾಕಿದಳು. ಹಸಿಗಾಯ, ಒಂಬತ್ತು ದಿನ ಯಾರೂ ಕಿವಿ ಮುಟ್ಟಬಾರದು ಎಂದು ಅಕ್ಕಸಾಲಿ ಹೇಳಿ, ಎದ್ದು ಹೋಗುವಾಗ ಬಾಗಿಲಲ್ಲಿ ರೂಢಿಯಂತೆ ಎರಡು ಸಲ ತನ್ನ ಕಿವಿ ಮುಟ್ಟಿಕೊಂಡ.

ನೆರೆಯವರು ಒಬ್ಬೊಬ್ಬರಾಗಿ ಹೊರಟರು. ಹುಡುಗಿ ಇನ್ನೂ ತೊಡೆಯ ಮೇಲೆಯೇ ಇದ್ದಳು. ಕೂತದ್ದು ಹಿತವಾಗಿತ್ತೋ ಏನೋ, ಬೆಲ್ಲ ಚೀಪುತ್ತ ತಲೆಯೆತ್ತಿ ನೋಡಿದಳು. ಹಿಡಿದು ಕೂತಿದ್ದವಳ ಕಣ್ಣಂಚಿನಲ್ಲಿ ಒಂದು ಹನಿ ನಿಂತಿತ್ತು. ಅದನ್ನು ಬೀಳಿಸದೆ ಇರುವ ವಿದ್ಯೆ ಅವಳಿಗೆ ಬರುತ್ತಿತ್ತಲ್ಲ.

"ನಿಮಗೂ ಮಗು ಇದೆಯಾ?" ಎಂದು ಹುಡುಗಿ ಕೇಳಿದಳು.

"ಇದಾಳೆ. ಒಬ್ಬಳು."

"ಅವಳಿಗೆ ಕಿವಿ ಚುಚ್ಚಿಸಿದ್ರಾ?"

"ಚುಚ್ಚಿಸಾಯ್ತು."

"ಅತ್ತಳಾ?"

"ಇಲ್ಲ. ಒಂಚೂರೂ ಅಳಲಿಲ್ಲ."

ಹುಡುಗಿ ಯೋಚಿಸುತ್ತ ಬೆಲ್ಲವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳು.

"ಅವಳನ್ನ ಅವಳಮ್ಮನೇ ಹಿಡ್ಕೊಂಡಿದ್ರಾ?"

ಒಳಗೆ ಅಜ್ಜಿ ದೀಪದ ಬತ್ತಿ ಸರಿಮಾಡುತ್ತಿದ್ದಳು. ಆ ಕೈ ಅಲ್ಲೇ ನಿಂತಿತು.

"ಹೂಂ ಕಂದ" ಎಂದಳು ಅವಳು. "ಅವಳಮ್ಮನೇ ಹಿಡ್ಕೊಂಡಿದ್ಲು."

"ಹಂಗಾದ್ರೆ ಅವಳು ಪುಣ್ಯವಂತೆ" ಎಂದು ಹುಡುಗಿ ತೊಡೆಯಿಂದ ಇಳಿದು, ನಾಳೆಯ ಸಂಜೆಗೆ ಗಾಜನ್ನು ಒರೆಸಿಡಲು ಬಟ್ಟೆ ಹುಡುಕಿಕೊಂಡು ಹೋದಳು.